ಅರ್ಧಕ್ಕೆ ನಿಂತ ಕೆಲಸವನ್ನು ಎತ್ತಿಕೊಳ್ಳುವವರು

ಲಿನಕ್ಸ್ ಮೊದಲಾದ ಮುಕ್ತ ತಂತ್ರಾಂಶಗಳ ಮೂಲಕೋಡ್ ಸರ್ವರಿಗೂ ತೆರೆದಿರುವದೆಂಬುದನ್ನು ವಾಚಕರು ಬಲ್ಲರು. ದೋಷವನ್ನು ಕಂಡವನು ತಿದ್ದುಪಡಿಯನ್ನು ಬರೆದು ಕಳಿಸುವನು. ಪಾಲಕರು ಅದನ್ನು ಪರಿಶೀಲಿಸಿ, ಇಲ್ಲಿ ಇಷ್ಟು ಸರಿಪಡಿಸಿರಿ, ಅಲ್ಲಿ ಒಂದು ಪರೀಕ್ಷೆಯನ್ನು ಸೇರಿಸಿರಿ ಎಂದು ಹಿಂದಿರುಗಿಸುವರು. ಎಷ್ಟೋ ಸಲ ಕಥೆಯು ಇಲ್ಲಿಗೇ ನಿಲ್ಲುವದು. ಬರೆದವನಿಗೆ ಹೊಸ ನೌಕರಿಯೋ, ಮನೆಯಲ್ಲಿ ಕಾಯಿಲೆಯೋ, ಬರಿಯ ಬೇಸರವೋ; ಉತ್ತರವು ಬಾರದು. ಮುಕ್ಕಾಲು ಮುಗಿದ ಕೆಲಸವು ವರ್ಷಗಟ್ಟಲೆ ಹಾಗೆಯೇ ಬಿದ್ದಿರುವದು. ಅದನ್ನು ಮತ್ತೊಬ್ಬನು ಎತ್ತಿಕೊಳ್ಳಬಹುದೆ?

ಮುಕ್ತ ಲೈಸನ್ಸಿನ ಮೇಲೆ ಕೊಟ್ಟ ಕೋಡನ್ನು ಯಾರಾದರೂ ಮುಂದುವರಿಸಬಹುದು, ಅದರಲ್ಲಿ ಸಂಶಯವಿಲ್ಲ. ಆದರೆ ಕಾಯಿದೆಯು ಬಿಟ್ಟುಕೊಟ್ಟದ್ದೆಲ್ಲ ಮರ್ಯಾದೆಗೆ ಒಪ್ಪುವದೆಂದು ಹೇಳಲಾಗದು. ಸಂಬಳವಿಲ್ಲದೆ ದುಡಿದವನಿಗೆ ಹೆಸರೊಂದೇ ಕೂಲಿ. ಮುಗಿಸುವವನು ಹಳೆಯ ಸಾಲುಗಳನ್ನು ನಕಲು ಮಾಡಿ ತನ್ನ ಹೆಸರಿನಿಂದ ಕಳಿಸಿದನೆಂದರೆ ಆ ಕೂಲಿಯೂ ಹೋಯಿತು. ಇದನ್ನು ಕಳ್ಳತನವೆಂದು ಕರೆಯಲು ನಾವು ಒಲ್ಲೆವು. ಬಹುಮಟ್ಟಿಗೆ ಅದು ಅಲಕ್ಷ್ಯವೇ. ಆದರೂ ಈ ಅಲಕ್ಷ್ಯಕ್ಕೆ ನೆವವಿಲ್ಲ. ಲೈನಸ್ ಟೊರ್ವಾಲ್ಡ್ಸ್ ಅವರು ಸನ್ 2005ರಲ್ಲಿ ರಚಿಸಿದ ಗಿಟ್ ಎಂಬ ಸಾಧನವು ಪ್ರತಿಯೊಂದು ಬದಲಾವಣೆಗೂ ಬರೆದವನ ಹೆಸರನ್ನೂ ಸೇರಿಸಿದವನ ಹೆಸರನ್ನೂ ಬೇರೆ ಬೇರೆಯಾಗಿಯೇ ದಾಖಲಿಸುತ್ತದೆ. ಲಿನಕ್ಸ್ ಕರ್ನೆಲ್ಲಿನ ನಿಯಮಗಳಂತೆ, ಮತ್ತೊಬ್ಬರ ತಿದ್ದುಪಡಿಯನ್ನು ಕಳಿಸುವವನು ಪತ್ರದ ಮೊದಲ ಸಾಲಿನಲ್ಲಿಯೇ ಮೂಲಲೇಖಕನ ಹೆಸರನ್ನು ಇಡಬೇಕು. ತಾನು ಬದಲಿಸಿದ್ದನ್ನು ತನ್ನ ಹೆಸರಿನೊಡನೆ ಕಂಸದಲ್ಲಿ ಬರೆಯುವದು ಲೇಸು. ನಮ್ಮ ನಾಡಿಗೆ ಇದೇನೂ ಹೊಸದಲ್ಲ. ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು ಗುರು ವೀರಸೇನರು ಪೂರೈಸದ ಜಯಧವಲಾ ಟೀಕೆಯನ್ನು ಮುಗಿಸಿದರು. ಅವರೇ ಅಪೂರ್ಣವಾಗಿ ಬಿಟ್ಟ ಮಹಾಪುರಾಣವನ್ನು ಶಿಷ್ಯರಾದ ಗುಣಭದ್ರರು ಪೂರೈಸಿದರು. ಯಾವ ಭಾಗವು ಯಾರದೆಂಬುದು ಸಾವಿರ ವರ್ಷಗಳ ಮೇಲೆಯೂ ನಮಗೆ ಗೊತ್ತಿದೆ.

ಎತ್ತಿಕೊಳ್ಳುವ ಮುನ್ನ ಕೇಳಬೇಕು. "ಮುಂದುವರಿಸುವಿರಾ? ಇಲ್ಲವಾದರೆ ನಾನು ಮುಗಿಸಲೆ?" ಎಂದು ಎರಡು ಸಾಲು ಬರೆದು ಕೆಲವು ವಾರ ಕಾಯುವದರಿಂದ ಯಾರಿಗೂ ನಷ್ಟವಿಲ್ಲ. ಸನ್ 1993ರಲ್ಲಿ ಆರಂಭವಾದ ಡೆಬಿಯನ್ ಯೋಜನೆಯಲ್ಲಿ ಪಾಲಕರಿಲ್ಲದ ತಂತ್ರಾಂಶಗಳನ್ನು ಅನಾಥವೆಂದು ಬಹಿರಂಗ ಪಟ್ಟಿಯಲ್ಲಿ ಇಡುವರು. ದತ್ತು ತೆಗೆದುಕೊಳ್ಳುವವನು ತನ್ನ ಉದ್ದೇಶವನ್ನು ಅಲ್ಲಿಯೇ ಮುಂಚಿತವಾಗಿ ಸಾರಬೇಕು.

ಆದರೆ ಕೇಳುವದು ಬೇರೆ, ಕಾಡುವದು ಬೇರೆ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶವನ್ನು ಲಾಸೆ ಕಾಲಿನ್ ಎಂಬವರು ಬಹುಕಾಲ ಬಿಡುವಿನ ವೇಳೆಯಲ್ಲಿ ನೋಡಿಕೊಂಡಿದ್ದರು. ಸನ್ 2022ರಲ್ಲಿ ಅಪರಿಚಿತ ಹೆಸರುಗಳಿಂದ ಅವರಿಗೆ ಪತ್ರಗಳು ಬಂದವು: ಜನರು ಕಳಿಸಿದ ತಿದ್ದುಪಡಿಗಳು ಕೊಳೆಯುತ್ತಿವೆ, ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಿರಿ ಎಂದು. ದಣಿದಿದ್ದ ಕಾಲಿನ್ ಅವರು, ಆಗಾಗ ತಿದ್ದುಪಡಿಗಳನ್ನು ಕಳಿಸಿ ವಿಶ್ವಾಸ ಗಳಿಸಿದ್ದ ಜಿಯಾ ಟಾನ್ ಎಂಬ ಹೆಸರಿನ ವ್ಯಕ್ತಿಗೆ ಅಧಿಕಾರವನ್ನು ಹಂಚಿದರು. ಸನ್ 2024ರ ಫೆಬ್ರುವರಿ ಮಾರ್ಚಿಗಳಲ್ಲಿ ಹೊರಟ 5.6.0, 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಅಡಗಿತ್ತು. ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಅರ್ಧ ಸೆಕೆಂಡು ತಡವಾಗುವದನ್ನು ಕಂಡು ಶೋಧಿಸಿದ ಆಂಡ್ರೆಸ್ ಫ್ರಾಯಿಂಡ್ ಅವರು ಮಾರ್ಚ್ 29ರಂದು ಅದನ್ನು ಬಯಲಿಗಿಟ್ಟರು. ಅದನ್ನು ಕಿತ್ತು ಮೇ ತಿಂಗಳಲ್ಲಿ 5.6.2 ಆವೃತ್ತಿಯನ್ನು ಹೊರಡಿಸಿದವರು, ಕೆಲಸ ಬಿಟ್ಟುಕೊಡಿರೆಂದು ಕಾಡಿಸಿಕೊಂಡಿದ್ದ ಆ ಕಾಲಿನ್ ಅವರೇ.