ಬೆನ್ನ ಮೇಲೆ ಹೊರೆ, ಎದುರಿಗೆ ಹಿಮಾಲಯ



ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವ ಕಿರಂಗೂರಿನ ಬನ್ನಿಮಂಟಪವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಸುತ್ತಲೂ ಕಬ್ಬು ಮತ್ತು ಭತ್ತದ ಗದ್ದೆಗಳು. ಸಮುದ್ರಮಟ್ಟದಿಂದ ಈ ಊರಿನ ಎತ್ತರ ಸುಮಾರು 680 ಮೀಟರ್. ಇಲ್ಲಿ ಹುಟ್ಟಿ ಬೆಳೆದವರಿಗೆ ಬೆಟ್ಟವೆಂದರೆ ಸಮೀಪದ ಕರಿಘಟ್ಟ. ಬೆಳಿಗ್ಗೆ ಹತ್ತಿ, ದೇವರ ದರ್ಶನ ಮಾಡಿ, ಊಟದ ಹೊತ್ತಿಗೆ ಮನೆಗೆ ಬರಬಹುದು. ಆದರೆ ಮನೆಗೆ ಮರಳಲು ಏಳೆಂಟು ದಿನ ಬೇಕಾಗುವ ಬೆಟ್ಟದ ದಾರಿಗಳೂ ಇವೆ. ಊಟ, ಹಾಸಿಗೆ, ಸೂರು ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ಆ ದಾರಿಗಳಲ್ಲಿ ನಡೆಯುವುದೇ ದೀರ್ಘ ಚಾರಣ.

ನಮ್ಮ ರಾಜ್ಯದಲ್ಲಿ ಇದರ ರುಚಿ ತೋರಿಸುವುದು ಕುಮಾರ ಪರ್ವತ. ಇದರ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ಶಿಖರಕ್ಕೆ ಸುಮಾರು 13 ಕಿಲೋಮೀಟರ್ ಏರುದಾರಿ. ಮೊದಲು ದಟ್ಟ ಕಾಡು, ಆಮೇಲೆ ನೆರಳಿಲ್ಲದ ಹುಲ್ಲುಗಾವಲು. 2024ರ ಜನವರಿಯಲ್ಲಿ ಒಂದೇ ವಾರಾಂತ್ಯಕ್ಕೆ ಇಲ್ಲಿ ಸಾವಿರಾರು ಜನ ಸೇರಿದ್ದರಿಂದ ಸರ್ಕಾರ ಚಾರಣವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಬಳಿಕ ಮುಂಗಡ ನೋಂದಣಿಯ ವ್ಯವಸ್ಥೆ ಬಂದಿತು. ಕಾಡಿಗೆ ಎಷ್ಟು ಜನರನ್ನು ತಾಳಿಕೊಳ್ಳುವ ಶಕ್ತಿ ಇದೆಯೋ ಅಷ್ಟೇ ಜನ ಹೋಗಬೇಕೆಂಬುದು ಇದರ ಉದ್ದೇಶ.

ಹಿಮಾಲಯದ ಮಾತು ಬೇರೆ. ಅಲ್ಲಿ ದಾರಿಯ ಉದ್ದಕ್ಕಿಂತ ಎತ್ತರವೇ ದೊಡ್ಡ ಪರೀಕ್ಷೆ. ಏಕೆ ಎಂಬುದನ್ನು ನೋಡೋಣ.

ಗಾಳಿ ತೆಳುವಾದಾಗ

ಗಾಳಿಯಲ್ಲಿ ಆಮ್ಲಜನಕದ ಪಾಲು ಕಿರಂಗೂರಿನಲ್ಲೂ ಹಿಮಾಲಯದಲ್ಲೂ ಶೇಕಡಾ 21. ಆದರೆ ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. 4,400 ಮೀಟರ್ ಎತ್ತರದಲ್ಲಿ ಅದು ಸಮುದ್ರಮಟ್ಟದ ಒತ್ತಡದ ಶೇಕಡಾ 58ರಷ್ಟು ಮಾತ್ರ. ಅಂದರೆ ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಅಷ್ಟೇ ಕಡಿಮೆ. ಇದಕ್ಕೆ ದೇಹ ಹೊಂದಿಕೊಳ್ಳಬಲ್ಲದು. ಆದರೆ ಅದಕ್ಕೆ ಕೆಲವು ದಿನಗಳ ಕಾಲಾವಕಾಶ ಬೇಕು. ಆದ್ದರಿಂದಲೇ 3,000 ಮೀಟರ್ ದಾಟಿದ ಮೇಲೆ, ಹಿಂದಿನ ರಾತ್ರಿ ಮಲಗಿದ ಜಾಗಕ್ಕಿಂತ 500 ಮೀಟರಿಗೂ ಹೆಚ್ಚು ಎತ್ತರದಲ್ಲಿ ಮಲಗಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಬೇಕು.

ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು ಮೊದಲ ಎಚ್ಚರಿಕೆಗಳು. ಆಗ ಮೇಲೇರುವುದನ್ನು ನಿಲ್ಲಿಸಬೇಕು. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ನೇರ ಗೆರೆಯ ಮೇಲೆ ನಡೆಯಲಾಗದೆ ತೂರಾಡಿದರೆ, ಮಾತು ಗೊಂದಲವಾದರೆ ನೀರು ಶ್ವಾಸಕೋಶಕ್ಕೆ ಇಳಿದಿರಬಹುದು ಅಥವಾ ಮೆದುಳು ಊದಿಕೊಂಡಿರಬಹುದು. ರಾತ್ರಿಯಾಗಿದ್ದರೂ ಅಂಥವರನ್ನು ಕೂಡಲೇ ಕೆಳಕ್ಕೆ ಇಳಿಸಬೇಕು. ಔಷಧ, ಆಮ್ಲಜನಕಗಳು ನೆರವಾಗುತ್ತವೆ. ಆದರೆ ಅವು ಇಳಿಯುವುದಕ್ಕೆ ಬದಲಿಯಲ್ಲ.

ಚಳಿ ಎಂಬ ಶತ್ರು

ಪ್ರತಿ 1,000 ಮೀಟರ್ ಮೇಲೇರಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಇಷ್ಟೇ ಆದರೆ ಸ್ವೆಟರ್ ಸಾಕಿತ್ತು. ಆದರೆ ಒದ್ದೆ ಬಟ್ಟೆ ಮತ್ತು ಬಿರುಗಾಳಿ ಜೊತೆಗೂಡಿದರೆ ದೇಹದ ಶಾಖ ಬೇಗನೆ ಸೋರಿಹೋಗುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಜೀವಕ್ಕೆ ಅಪಾಯ. ಮೊದಲು ನಡುಕ, ಆಮೇಲೆ ತೊದಲು ಮಾತು. ಕೊನೆಗೆ ನಡುಕವೂ ನಿಲ್ಲುತ್ತದೆ. ನಡುಕ ನಿಂತಿತೆಂದು ನೆಮ್ಮದಿಪಡಬೇಡಿ, ಅದೇ ಅತ್ಯಂತ ಕೆಟ್ಟ ಸೂಚನೆ.

ಇದನ್ನು ನಮ್ಮ ನಾಡು ನೋವಿನಿಂದ ಕಲಿತಿದೆ. 2024ರ ಮೇ ಕೊನೆಯಲ್ಲಿ ಉತ್ತರಾಖಂಡದ ಸಹಸ್ರತಾಲ್ ಎಂಬ ಸುಮಾರು 4,400 ಮೀಟರ್ ಎತ್ತರದ ಸರೋವರಗಳ ತಾಣಕ್ಕೆ 22 ಜನರ ತಂಡವೊಂದು ಹೊರಟಿತು. ಅವರಲ್ಲಿ ಹೆಚ್ಚಿನವರು ಕರ್ನಾಟಕದವರು, ಹಲವರು ಅನುಭವಿ ಚಾರಣಿಗರು. ಜೂನ್ ಮೊದಲ ವಾರ, ಮರಳುವ ದಾರಿಯಲ್ಲಿ ಹಿಮದ ಬಿರುಗಾಳಿ ಅವರನ್ನು ಸುತ್ತುವರಿಯಿತು. ಒಂಬತ್ತು ಮಂದಿ ತೀರಿಕೊಂಡರು. ಉಳಿದ ಹದಿಮೂರು ಮಂದಿಯನ್ನು ವಾಯುಪಡೆಯ ಹೆಲಿಕಾಪ್ಟರುಗಳು ಮತ್ತು ರಕ್ಷಣಾ ದಳದವರು ಸೇರಿ ಸುರಕ್ಷಿತ ಸ್ಥಳಕ್ಕೆ ತಂದರು. ಜೂನ್ ತಿಂಗಳು ನಮಗೆ ಮುಂಗಾರಿನ ಕಾಲ. ಅಲ್ಲಿ ಹಿಮವೂ ಬೀಳಬಹುದು. ಅನುಭವವಿದ್ದವರಿಗೂ ಬೆಟ್ಟ ವಿನಾಯಿತಿ ಕೊಡುವುದಿಲ್ಲ.

ಚೀಲದಲ್ಲಿ ಏನಿರಬೇಕು?

ಚೀಲದ ತೂಕ ನಿಮ್ಮ ತೂಕದ ಐದನೇ ಒಂದು ಭಾಗವನ್ನು ಮೀರದಿರಲಿ. ನೀವು 50 ಕಿಲೋ ಇದ್ದರೆ 10 ಕಿಲೋ. ಹತ್ತಿಯ ಬಟ್ಟೆ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಆದ್ದರಿಂದ ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆ ಬೇಕು. ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಮಲಗುವಾಗ ಮಾತ್ರ ತೊಡಿ. ಮಳೆಕೋಟು, ಟಾರ್ಚ್, ಸೀಟಿ, ನಕ್ಷೆ ಪ್ರತಿಯೊಬ್ಬರ ಬಳಿಯೂ ಇರಲಿ.

ಅಡುಗೆಯಲ್ಲೂ ವಿಜ್ಞಾನವಿದೆ. ಒತ್ತಡ ಕಡಿಮೆ ಇರುವುದರಿಂದ ಅಷ್ಟು ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದಿದ್ದರೆ ಬೇಳೆ ಬೇಯಲು ಬಹಳ ಹೊತ್ತು ಬೇಕು. ನಮ್ಮ ರಾಗಿ ಹುರಿಹಿಟ್ಟಿಗಾದರೋ ಬೆಲ್ಲ ಮತ್ತು ಬಿಸಿನೀರು ಸಾಕು!

ತರಬೇತಿ ಎಲ್ಲಿ?

ತೇನ್‌ಸಿಂಗ್ ಮತ್ತು ಹಿಲರಿ 1953ರಲ್ಲಿ ಎವರೆಸ್ಟ್ ಏರಿದ ಮರುವರ್ಷವೇ ಡಾರ್ಜಿಲಿಂಗ್‌ನಲ್ಲಿ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ 1965ರಲ್ಲಿ ಹುಟ್ಟಿತು. ನಮ್ಮ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ಹೆಸರಿನ ಸಾಹಸ ಅಕಾಡೆಮಿ ಇದೆ. ನಿಮ್ಮ ಕಾಲೇಜಿನಲ್ಲಿ ಎನ್.ಸಿ.ಸಿ. ಇದ್ದರೆ ಅದರ ಚಾರಣ ಶಿಬಿರಗಳ ಬಗ್ಗೆ ವಿಚಾರಿಸಿ.

ಅದಕ್ಕೂ ಮೊದಲು ಮನೆಯಲ್ಲೇ ಆರಂಭಿಸಬಹುದು. ಒಂದು ಭಾನುವಾರ ಚೀಲದಲ್ಲಿ ಐದು ಕಿಲೋ ಅಕ್ಕಿ ಕಟ್ಟಿಕೊಂಡು ಕರಿಘಟ್ಟ ಹತ್ತಿ ಇಳಿಯಿರಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಬರೆದಿಟ್ಟು ಹೊರಡಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗವೇ ಎಲ್ಲರ ವೇಗವಾಗಲಿ. ಮೋಡ ಕವಿದರೆ ಅರ್ಧ ದಾರಿಯಿಂದಲೇ ಹಿಂದಿರುಗಿ ನೋಡಿ. ಹಾಗೆ ಹಿಂದಿರುಗುವುದನ್ನು ಇಲ್ಲಿ ಅಭ್ಯಾಸ ಮಾಡಿದವರಿಗೆ ಹಿಮಾಲಯದಲ್ಲಿ ಅದು ಅವಮಾನವೆಂದು ತೋರುವುದಿಲ್ಲ.