ಅಂಗಡಿಯ ಮುಂಭಾಗ ಯಾರದು?

ಕಳೆದ ವರ್ಷ ಗದಗಿನಲ್ಲಿರುವ ನನ್ನ ಸೋದರಳಿಯನ ಕಿರಾಣಿ ಅಂಗಡಿಗೆ ಹೋದಾಗ ಬಾಗಿಲಲ್ಲಿಯೇ ತಡೆದು ನಿಲ್ಲಬೇಕಾಯಿತು. ಜೋಳ, ಕಡಲೆ, ಬೆಲ್ಲದ ಚೀಲಗಳು ಬಾಯಿ ತೆರೆದು ಕುಳಿತಿರುತ್ತಿದ್ದ ಸ್ಥಳದಲ್ಲಿ ಆಳೆತ್ತರದ ಬಣ್ಣದ ಸ್ಟ್ಯಾಂಡೊಂದು ನಿಂತಿತ್ತು. ಅದರ ತುಂಬ ಒಂದೇ ಕಂಪನಿಯ ಕುರುಕಲು ತಿಂಡಿಯ ಪೊಟ್ಟಣಗಳು. "ಪುಕ್ಕಟೆ ಕೊಟ್ಟಾರ ಮಾಮಾ, ನಮಗೇನೂ ಖರ್ಚಿಲ್ಲ" ಎಂದು ಅವನು ಹೆಮ್ಮೆಯಿಂದಲೇ ಹೇಳಿದ. ಚೀಲಗಳೆಲ್ಲಿ ಎಂದು ಕೇಳಿದೆ. ಹಿಂದಿನ ಕತ್ತಲೆಯ ಮೂಲೆಯನ್ನು ತೋರಿಸಿದ.

ಸರಕನ್ನು ಒಪ್ಪವಾಗಿ ತೋರಿಸಿ ಮಾರುವುದು ನಮ್ಮ ನಾಡಿಗೆ ಹೊಸದೇನಲ್ಲ. 16ನೆಯ ಶತಮಾನದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿಯ ಪೇಟೆಯಲ್ಲಿ ಮಾರಾಟಕ್ಕಿದ್ದ ಮಾಣಿಕ್ಯ, ವಜ್ರ, ಮುತ್ತುಗಳನ್ನು ಬಣ್ಣಿಸಿದ್ದಾನೆ. ನಮ್ಮ ಹಿರಿಯರ ಕಿರಾಣಿ ಅಂಗಡಿಗಳಲ್ಲಿ ಮಾತ್ರ ಕ್ರಮ ಬೇರೆಯಿತ್ತು. ಗಿರಾಕಿ ಕೇಳುವನು, ಅಂಗಡಿಕಾರ ತೂಗಿ ಕೊಡುವನು. ಯಾವ ಬೇಳೆ ಬೇಗ ಬೇಯುತ್ತದೆ, ಯಾವ ಬೆಲ್ಲ ಹೋಳಿಗೆಗೆ ಒಗ್ಗುತ್ತದೆ ಎಂದು ಹೇಳುವ ಅವನ ನಾಲಗೆಯೇ ಜಾಹೀರಾತಾಗಿತ್ತು. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವರ್ತಕನು 'ಪಿಗ್ಲಿ ವಿಗ್ಲಿ' ಎಂಬ ಅಂಗಡಿಯನ್ನು ತೆರೆದನು. ಅಲ್ಲಿ ಗಿರಾಕಿಯೇ ಬುಟ್ಟಿ ಹಿಡಿದು, ಕಪಾಟುಗಳ ನಡುವೆ ನಡೆದು, ಬೇಕಾದುದನ್ನು ತಾನೇ ಎತ್ತಿಕೊಳ್ಳಬೇಕು. ಈ ಏರ್ಪಾಡಿಗೆ ಅವನು 1917ರಲ್ಲಿ ಪೇಟೆಂಟನ್ನೂ ಪಡೆದನು. ಅಂಗಡಿಕಾರನ ಮಾತು ನಿಂತಲ್ಲಿ ಸರಕೇ ಮಾತನಾಡಬೇಕಾಯಿತು; ಪೊಟ್ಟಣದ ಬಣ್ಣಕ್ಕೆ, ಅದನ್ನಿಡುವ ಎತ್ತರಕ್ಕೆ, ಬಾಗಿಲ ಬಳಿಯ ಜಾಗಕ್ಕೆ ಇಷ್ಟೊಂದು ಬೆಲೆ ಬಂದುದು ಈ ಬಗೆಯ ಅಂಗಡಿಗಳಿಂದ.

ಈಗ ಪುಕ್ಕಟೆಯ ಲೆಕ್ಕವನ್ನು ನೋಡೋಣ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಅಂಗಡಿಯೆಂದರೆ 120 ಚದರಡಿ. ಬಾಡಿಗೆ ತಿಂಗಳಿಗೆ 6,000 ರೂಪಾಯಿ ಎಂದಿಟ್ಟುಕೊಂಡರೆ ಚದರಡಿಗೆ 50 ರೂಪಾಯಿ ಬೀಳುತ್ತದೆ. ಎರಡಡಿ ಚೌಕದ ಸ್ಟ್ಯಾಂಡು 4 ಚದರಡಿಯನ್ನು ನುಂಗುತ್ತದೆ. ಅದರೆದುರು ನಿಂತು ಕೈಚಾಚಲು ಇನ್ನೂ 4 ಬೇಕು. ಅಲ್ಲಿಗೆ ತಿಂಗಳಿಗೆ 400 ರೂಪಾಯಿ. ಅದೂ ಬಾಗಿಲ ಬಳಿಯ ಜಾಗ. ಹಿಂಬದಿಯ ಮೂಲೆಯೊಡನೆ ಅದನ್ನು ತೂಗಲಾದೀತೆ? ಆ ಪೊಟ್ಟಣಗಳಿಂದ ಬರುವ ಲಾಭವು ಮೊದಲು ಈ ಬಾಡಿಗೆಯನ್ನು ತೀರಿಸಬೇಕು, ಬಳಿಕ ಅಲ್ಲಿಂದ ಎತ್ತಿದ ಸರಕಿನ ಲಾಭವನ್ನು ಮೀರಬೇಕು. ಅಳಿಯನೊಡನೆ ಕುಳಿತು ಖಾತೆ ಪುಸ್ತಕ ತೆಗೆಸಿದೆ. ತಿಂಡಿಯ ಮಾರಾಟ ಏರಿದ್ದು ನಿಜ. ಆದರೆ ಜೋಳ ಕೊಳ್ಳಲು ಬರುತ್ತಿದ್ದ ಹಳ್ಳಿಯ ಗಿರಾಕಿಗಳು, ಚೀಲ ಕಾಣದೆ, ಎದುರಿನ ಅಂಗಡಿಗೆ ಹೋಗತೊಡಗಿದ್ದರು. ಜೋಳಕ್ಕೆ ಬಂದವರು ಎಣ್ಣೆಯನ್ನೂ ಉಪ್ಪನ್ನೂ ಅಲ್ಲಿಯೇ ಕೊಂಡರು.

ತಂಪು ಪಾನೀಯದ ಕಂಪನಿಗಳು ಕೊಡುವ ಗಾಜಿನ ಬಾಗಿಲಿನ ಫ್ರಿಜ್ಜಿನ ಕಥೆಯೂ ಬಹಳವಾಗಿ ಇಂಥದೇ. ಪೆಟ್ಟಿಗೆ ಅವರದು, ಕರೆಂಟಿನ ಬಿಲ್ಲು ಸಾಮಾನ್ಯವಾಗಿ ಅಂಗಡಿಯವನದು. ಒಳಗೆ ಬೇರೆ ಕಂಪನಿಯ ಬಾಟಲಿ ಇಡಬಾರದೆಂಬ ಕರಾರು ಬೇರೆ.

ಹಾಗೆಂದು ಸ್ಟ್ಯಾಂಡೇ ಬೇಡವೆನ್ನುವ ಹಟ ನನಗಿಲ್ಲ. ಕೊಳ್ಳುವವನಿಗೆ ಬೆಲೆಯೂ ದಿನಾಂಕವೂ ಕಣ್ಣಿಗೆ ಕಾಣುವುದು ಒಳ್ಳೆಯದೇ. ಆದರೆ ಅದನ್ನು ಇಟ್ಟುಕೊಳ್ಳುವುದಕ್ಕೂ ಒಂದು ಬಗೆಯಿದೆ. ಭಾರದ ಸರಕು ಕೆಳಗಿರಬೇಕು, ಇಲ್ಲವಾದರೆ ಮಗುವೊಂದು ಜಗ್ಗಿದರೂ ಉರುಳೀತು. ಹೊಸ ಮಾಲು ಬಂದಾಗ ಹಳೆಯದನ್ನು ಮುಂದಕ್ಕೆಳೆದು ಹೊಸದನ್ನು ಹಿಂದಿಡಬೇಕು. ಕಂಪನಿಯ ಹುಡುಗ ಅವಸರದಲ್ಲಿ ಮುಂದೆಯೇ ತುರುಕಿ ಹೋಗುತ್ತಾನೆ, ಅವಧಿ ಮೀರಿದ ಪೊಟ್ಟಣ ಹಿಂದೆಯೇ ಉಳಿಯುತ್ತದೆ. ಬಿಸಿಲು ಬೀಳುವಲ್ಲಿ ಎಣ್ಣೆಯ ಪದಾರ್ಥ ಕಮಟುತ್ತದೆ. ಸಾಬೂನಿನ ಪಕ್ಕದಲ್ಲಿಟ್ಟ ಚಹಾಪುಡಿ ಸಾಬೂನಿನ ವಾಸನೆಯನ್ನೇ ಹೀರಿಕೊಳ್ಳುತ್ತದೆ. ರಟ್ಟಿನ ಸ್ಟ್ಯಾಂಡು ಮಳೆಗಾಲದ ಒದ್ದೆ ನೆಲದಲ್ಲಿ ತಿಂಗಳೂ ಬಾಳದು. ಎಷ್ಟು ದಿನ ಇಡಬೇಕು, ಮಾರದೆ ಉಳಿದುದನ್ನು ಹಿಂದಕ್ಕೆ ಒಯ್ಯುವರಾರು ಎಂಬುದನ್ನು ಮೊದಲೇ ಬರೆಸಿಕೊಳ್ಳುವುದು ಮೇಲು.

ಮಕ್ಕಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ಗಲ್ಲಾದ ಬಳಿ, ಮಗುವಿನ ಕಣ್ಣಿನ ಮಟ್ಟಕ್ಕೆ ಚಾಕಲೇಟು ಇಡುವುದು ಆಕಸ್ಮಿಕವಲ್ಲ. ತಾಯಿ ಚಿಲ್ಲರೆ ಎಣಿಸುವ ಹೊತ್ತಿನಲ್ಲಿ ಮಗು ಕೈಚಾಚಲೆಂದೇ ಆ ಸ್ಥಳ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರಿನಿಂದ ದೊಡ್ಡ ಅಂಗಡಿಗಳು ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ಹಲವು ಬಗೆಯ ತಿನಿಸುಗಳನ್ನು ಬಾಗಿಲ ಬಳಿ, ಸಾಲುಗಳ ತುದಿಯಲ್ಲಿ, ಹಣ ಕೊಡುವೆಡೆಯಲ್ಲಿ ಇಡುವಂತಿಲ್ಲ. 2,000 ಚದರಡಿಗಿಂತ ಸಣ್ಣ ಅಂಗಡಿಗಳಿಗೆ ವಿನಾಯಿತಿಯಿದೆ. ನಮ್ಮ ದೇಶದ 2020ರ ಆಹಾರ ಸುರಕ್ಷತಾ ನಿಯಮಾವಳಿಯು ಶಾಲೆಯ ಆವರಣದಲ್ಲಿಯೂ, ಗೇಟಿನಿಂದ 50 ಮೀಟರ್ ಸುತ್ತಲೂ ಇಂಥ ತಿನಿಸುಗಳ ಮಾರಾಟವನ್ನು ನಿಷೇಧಿಸಿದೆ. ಗಲ್ಲಾದ ಬಳಿ ಏನಿರಬೇಕೆಂಬುದನ್ನು ನಮ್ಮ ಸಣ್ಣ ಅಂಗಡಿಗಳಲ್ಲಿ ಈಗಲೂ ಅಂಗಡಿಕಾರನೇ ನಿರ್ಧರಿಸಬೇಕಾಗಿದೆ. ನನ್ನ ಅಳಿಯನ ಮಡದಿ ಈ ವಿಷಯದಲ್ಲಿ ನಮ್ಮಿಬ್ಬರಿಗಿಂತ ಮುಂದಿದ್ದಳು. ಯಾರೂ ಹೇಳದೆಯೇ ಗಲ್ಲಾದ ಮುಂದೆ ಶೇಂಗಾ ಚಿಕ್ಕಿಯ ಗಾಜಿನ ಭರಣಿಯನ್ನು ತಂದಿಟ್ಟಳು.

ಈ ಸಲ ಹೋದಾಗ ಸ್ಟ್ಯಾಂಡು ಒಳಗೋಡೆಗೆ ಸರಿದಿತ್ತು, ಜೋಳದ ಚೀಲಗಳು ಬಾಗಿಲಿಗೆ ಮರಳಿದ್ದವು. ಮತ್ತೊಂದು ಕಂಪನಿಯವರು ಬಂದು ಬಾಗಿಲ ಬಳಿ ಜಾಗ ಕೇಳಿದರಂತೆ. ಅಳಿಯ ಟೇಪು ಹಿಡಿದು ಅಳೆದು, ತಿಂಗಳಿಗೆ ಇಷ್ಟು ಬಾಡಿಗೆಯೆಂದು ಹೇಳಿದನಂತೆ. ಕೇಳಿ ಹೇಳುತ್ತೇವೆಂದು ಹೋದವರು ಇನ್ನೂ ಬಂದಿಲ್ಲ.