ಚಿಕ್ಕ ಹೊಟ್ಟೆಯ ಲೆಕ್ಕ

ಎಂಟು ಕೆ.ಜಿ. ತೂಗುವ ಕೂಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಹೆಚ್ಚೆಂದರೆ ಕಾಲು ಲೀಟರು. ತೂಕದ ಪ್ರತಿ ಕೆ.ಜಿ.ಗೆ ಸುಮಾರು 30 ಮಿಲಿಲೀಟರ್ ಎಂಬುದು ಪೌಷ್ಟಿಕಾಂಶ ತಜ್ಞರ ಅಂದಾಜು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು. ಅಲ್ಲಿಂದ ಮುಂದೆ ಹಾಲು ಬೇಕು, ಹಾಲೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 6ರಿಂದ 8 ತಿಂಗಳ ಮಗುವಿಗೆ ಮೇಲಾಹಾರದಿಂದ ದಿನಕ್ಕೆ ಸುಮಾರು 200 ಕಿಲೊ ಕ್ಯಾಲರಿ ಸಿಗಬೇಕು. 9ರಿಂದ 11 ತಿಂಗಳಿಗೆ 300, ವರ್ಷ ತುಂಬಿದ ಮೇಲೆ 550. ಇಷ್ಟನ್ನೂ ಆ ಪುಟ್ಟ ಹೊಟ್ಟೆಯೊಳಗೆ ಸೇರಿಸಬೇಕು.

ಮನೆಗಳಲ್ಲಿ ಆಗುವುದೇ ಬೇರೆ. ಗಂಟಲಿಗೆ ಸಿಕ್ಕೀತು ಎಂದು ಗಂಜಿಯನ್ನು ತೆಳ್ಳಗೆ ಮಾಡುತ್ತಾರೆ. ನಾಲ್ಕು ಚಮಚ ಕುಡಿದ ಮಗು ಮುಖ ತಿರುಗಿಸುತ್ತದೆ. ಹೊಟ್ಟೆ ತುಂಬಿತು ಎಂದು ತಾಯಿ ಬಟ್ಟಲು ಕೆಳಗಿಡುತ್ತಾಳೆ. ಹೊಟ್ಟೆ ತುಂಬಿದ್ದು ನಿಜ, ಆದರೆ ಬಹುಪಾಲು ನೀರಿನಿಂದ. ಗಟ್ಟಿಯಾಗಿ ಕಾಯಿಸಿದರೆ ನುಂಗಲು ಬರುವುದಿಲ್ಲ, ತೆಳ್ಳಗೆ ಮಾಡಿದರೆ ಸತ್ವವಿಲ್ಲ. ನಮ್ಮ ಮಕ್ಕಳ ಬೆಳವಣಿಗೆ ಹಿಂದೆ ಬೀಳತೊಡಗುವುದು ಬಹುಮಟ್ಟಿಗೆ ಈ ಇಕ್ಕಟ್ಟಿನ ತಿಂಗಳುಗಳಲ್ಲೇ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಅದಕ್ಕಿಂತ ನಾಲ್ಕು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 60.9 ಇತ್ತು. 2019–21ರಲ್ಲಿ ಗರ್ಭಿಣಿಯರ ರಕ್ತಹೀನತೆ ಶೇ 45.7. ರಾಗಿ ಬೆಳೆಯುವುದರಲ್ಲಿ ದೇಶಕ್ಕೇ ಮೊದಲಿರುವ, ಹಾಲಿನ ಸಹಕಾರಿ ಜಾಲ ಹಳ್ಳಿಹಳ್ಳಿಗೆ ಹಬ್ಬಿರುವ ರಾಜ್ಯದ ಅಂಕಿಗಳಿವು. ಓದಿ ಪುಟ ತಿರುಗಿಸಿಬಿಡುವಂಥವಲ್ಲ.

ನರಸೀಪುರದಿಂದ ಆರಂಭ

ತಾಯಿ–ಮಗುವಿನ ಊಟಕ್ಕೆ ಸರ್ಕಾರ ಕೈಹಾಕಿದ್ದು ನಿನ್ನೆ ಮೊನ್ನೆಯಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ, ಅಲ್ಲಿ ತೆರೆದದ್ದು 100 ಅಂಗನವಾಡಿ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಈ ಹರವಿನ ಹಿಂದೆ ನ್ಯಾಯಾಲಯದ ಒತ್ತಡ ದೊಡ್ಡದು. ನಾಗರಿಕ ಹಕ್ಕುಗಳ ಸಂಸ್ಥೆ ಪಿಯುಸಿಎಲ್ 2001ರಲ್ಲಿ ಹೂಡಿದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಂದಾದ ಮೇಲೊಂದು ಆದೇಶ ಕೊಟ್ಟಿತು. ಅಂಗನವಾಡಿ ಆಹಾರ ಪೂರೈಕೆಗೆ ಗುತ್ತಿಗೆದಾರರು ಬೇಡವೆಂದು 2004ರಲ್ಲಿ ಹೇಳಿತು. 2006ರ ಡಿಸೆಂಬರ್‌ನಲ್ಲಿ, ಆರು ವರ್ಷದೊಳಗಿನ ಪ್ರತಿ ಮಗು, ಪ್ರತಿ ಗರ್ಭಿಣಿ, ಪ್ರತಿ ಬಾಣಂತಿಗೂ ಈ ಸೇವೆ ಮುಟ್ಟಬೇಕೆಂದಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಇದು ಕಾನೂನಿನ ಹಕ್ಕೇ ಆಯಿತು: ಗರ್ಭಿಣಿಗೆ, ಹೆರಿಗೆಯಾದ ಆರು ತಿಂಗಳವರೆಗೆ ತಾಯಿಗೆ 600 ಕಿಲೊ ಕ್ಯಾಲರಿ, 18ರಿಂದ 20 ಗ್ರಾಂ ಪ್ರೊಟೀನ್, ಆರು ತಿಂಗಳಿಂದ ಆರು ವರ್ಷದ ಮಗುವಿಗೆ 500 ಕಿಲೊ ಕ್ಯಾಲರಿ, 12ರಿಂದ 15 ಗ್ರಾಂ ಪ್ರೊಟೀನ್.

ಹಕ್ಕು ಕೊಟ್ಟವರು ಹಣವನ್ನು ಮಾತ್ರ ಬಿಗಿಹಿಡಿದರು. 2017ರಲ್ಲಿ ಕೇಂದ್ರ ಪರಿಷ್ಕರಿಸಿದ ದರ ಮಗುವಿಗೆ ದಿನಕ್ಕೆ 8 ರೂಪಾಯಿ, ಗರ್ಭಿಣಿ–ಬಾಣಂತಿಗೆ 9 ರೂಪಾಯಿ 50 ಪೈಸೆ. ಆಮೇಲೆ ಬೇಳೆ, ಎಣ್ಣೆ, ಮೊಟ್ಟೆಯ ಬೆಲೆ ಎಲ್ಲಿಗೆ ಮುಟ್ಟಿತೆಂಬುದು ಸಂತೆಗೆ ಹೋಗುವ ಎಲ್ಲರಿಗೂ ಗೊತ್ತು.

ತಟ್ಟೆ ನಡೆದು ಬರುವುದಿಲ್ಲ

ತಾಯಂದಿರ ವಿಷಯದಲ್ಲಿ ಕರ್ನಾಟಕ ಕೇಂದ್ರದ ಅಳತೆಗೆ ನಿಲ್ಲಲಿಲ್ಲ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ‘ಮಾತೃಪೂರ್ಣ’ ಯೋಜನೆ ಗರ್ಭಿಣಿ–ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸುವ ಯೋಜನೆ: ಅನ್ನ, ಬೇಳೆ–ತರಕಾರಿಯ ಸಾಂಬಾರ್, ಪಲ್ಯ, ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು, ಶೇಂಗಾ ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು. ದಿನದ ಅಗತ್ಯದ ಶೇ 40ರಿಂದ 45ರಷ್ಟು ಒಂದೇ ಊಟದಲ್ಲಿ ಸಿಗಬೇಕೆಂಬುದು ಉದ್ದೇಶ. ಊಟದ ಜೊತೆಗೆ ಕಬ್ಬಿಣಾಂಶದ ಮಾತ್ರೆಯನ್ನು ಕಣ್ಣೆದುರೇ ನುಂಗಿಸಬೇಕು, ತೂಕ ನೋಡಬೇಕು. ಆಂಧ್ರದ ‘ಅಮೃತ ಹಸ್ತಂ’, ತೆಲಂಗಾಣದ ‘ಆರೋಗ್ಯ ಲಕ್ಷ್ಮಿ’ ಇದಕ್ಕಿಂತ ಮೊದಲೇ ಇದೇ ದಾರಿ ಹಿಡಿದಿದ್ದವು.

ಮೊದಲು ಕೊಡುತ್ತಿದ್ದದ್ದು ಮನೆಗೊಯ್ಯುವ ದಿನಸಿ. ಅಕ್ಕಿ–ಬೇಳೆ ಮನೆ ಸೇರಿದ ಮೇಲೆ ಅದು ಮನೆಯ ಅಕ್ಕಿ–ಬೇಳೆಯೇ. ಅತ್ತೆ, ಮಾವ, ಗಂಡ, ಮೈದುನ, ದೊಡ್ಡ ಮಕ್ಕಳು ಎಲ್ಲರೂ ಉಂಡ ಮೇಲೆ ಉಳಿದದ್ದು ಬಸುರಿಗೆ. ಇದರಲ್ಲಿ ಯಾರದೂ ದುರುದ್ದೇಶವಿಲ್ಲ. ನಮ್ಮ ಅಡುಗೆಮನೆಗಳ ಪದ್ಧತಿಯೇ ಹಾಗಿದೆ. ಹೆಣ್ಣಿನ ತಟ್ಟೆಯನ್ನು ಬೇರೆಯಾಗಿಟ್ಟು, ಅವಳೆದುರಿಗೇ ಬಡಿಸಿದಾಗ ಮಾತ್ರ ಅದು ಅವಳ ಊಟ. ಮಾತೃಪೂರ್ಣದ ಹಿಂದಿನ ವಿಚಾರ ಇಷ್ಟೇ, ಮತ್ತು ಆ ವಿಚಾರ ಸರಿಯಾದದ್ದು.

ಆದರೆ ಆ ತಟ್ಟೆಯ ಬಳಿಗೆ ಅವಳೇ ನಡೆದು ಬರಬೇಕು. ಮಲೆನಾಡಿನಲ್ಲಿ ಮನೆಯಿಂದ ಮನೆಗೇ ಒಂದು ಗುಡ್ಡ ಅಡ್ಡ. ತುಂಬು ಗರ್ಭಿಣಿ ಮಳೆಗಾಲದಲ್ಲಿ ಹಳ್ಳ ದಾಟಿ ಊಟಕ್ಕೆ ಬಾ ಎಂದರೆ ಹೇಗೆ ಬಂದಾಳು? ಬಯಲುಸೀಮೆಯಲ್ಲಿ ಮಧ್ಯಾಹ್ನ ಅವಳು ಇರುವುದು ಹೊಲದಲ್ಲಿ. ಕಳೆ ಕೀಳುವ ಕೂಲಿ ಬಿಟ್ಟು ಬಂದರೆ ಅರ್ಧ ದಿನದ ದುಡ್ಡು ಹೋಯಿತು. ಇನ್ನು ಬಾಣಂತಿ. ಹಸಿಮೈಯವಳು ಹೊಸ್ತಿಲು ದಾಟಬಾರದೆಂಬ ಮನೆಗಳಲ್ಲಿ ಮೂರು ತಿಂಗಳಂತೂ ಅವಳು ಹೊರಗೆ ಬರುವುದಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋದರೆ ಒಂದೂರಿನ ದಾಖಲೆ, ಇನ್ನೊಂದೂರಿನ ಊಟ. ಜಾತಿಯ ಮಾತನ್ನೂ ಮುಚ್ಚಿಡಬಾರದು: ಅಡುಗೆ ಮಾಡುವ ಅಂಗನವಾಡಿ ಸಹಾಯಕಿ ಯಾವ ಕೇರಿಯವಳು ಎಂದು ಕೇಳಿ ಊಟ ಬಿಡುವವರು ಇಂದಿಗೂ ಇದ್ದಾರೆ. ಹೊಟ್ಟೆಯಲ್ಲಿರುವ ಮಗುವಿನ ಪಾಲನ್ನು ಹೀಗೆ ತಪ್ಪಿಸುವುದು ಕ್ರೌರ್ಯ. ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ.

ಹಾಗೆಂದು ಮನೆಯ ಹಿರಿಯರ ತಿಳಿವಳಿಕೆಯನ್ನೆಲ್ಲ ತಳ್ಳಿಹಾಕುವಂತಿಲ್ಲ. ಉತ್ತರ ಕರ್ನಾಟಕದಲ್ಲಿ ಬಾಣಂತಿಗೆ ಕೊಡುವ ಅಂಟಿನ ಉಂಡೆಯಲ್ಲಿ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ, ತುಪ್ಪ ಎಲ್ಲವೂ ಸೇರುತ್ತವೆ. ಅಳವಿ ಪಾಯಸದಲ್ಲಿ ಕಬ್ಬಿಣಾಂಶವಿದೆ. ಕರಾವಳಿಯ ಮೆಂತ್ಯದ ಗಂಜಿ, ಹಳೆ ಮೈಸೂರಿನ ಮೆಣಸು–ಬೆಳ್ಳುಳ್ಳಿ ಸಾರು, ಸಬ್ಬಸಿಗೆ ಸೊಪ್ಪು ಇವೆಲ್ಲ ಹೆತ್ತವಳ ಮೈ ಕೂಡಿಸಲೆಂದೇ ಹುಟ್ಟಿದ ಅಡುಗೆಗಳು. ಬಿಡಬೇಕಾದದ್ದು ಇವುಗಳ ಜೊತೆ ಅಂಟಿಕೊಂಡು ಬಂದ ಕಟ್ಟುಪಾಡುಗಳನ್ನು: ಬಾಣಂತಿಗೆ ನೀರು ಕಡಿಮೆ ಕೊಡುವುದು, ಸೊಪ್ಪು–ಹಣ್ಣು ನಿಲ್ಲಿಸುವುದು, ಮಗು ದಪ್ಪವಾದರೆ ಹೆರಿಗೆ ಕಷ್ಟವೆಂದು ಬಸುರಿಗೆ ಅರೆಹೊಟ್ಟೆ ಉಣಿಸುವುದು. ಅಂಟಿನ ಉಂಡೆಗೆ ದುಡ್ಡು ಹೊಂದಿಸಲಾರದ ಮನೆಗಳಲ್ಲಿ ಉಳಿದುಕೊಂಡಿರುವುದು ಪಥ್ಯ ಮಾತ್ರ. ಅಂಥ ಮನೆಯ ಬಾಣಂತಿಗೆ ಒಂದು ಮೊಟ್ಟೆ, ಒಂದು ಲೋಟ ಹಾಲು ಎಷ್ಟು ದೊಡ್ಡದೆಂದು ಉಳ್ಳವರು ಊಹಿಸುವುದು ಕಷ್ಟ.

ಮೈಸೂರಿನ ಪ್ರಯೋಗಾಲಯ, ಅಜ್ಜಿಯ ಒದ್ದೆ ಬಟ್ಟೆ

ತಾಯಿಗೆ ತಟ್ಟೆ ಬಂತು. ಮೂರು ವರ್ಷ ದಾಟಿದ ಮಗುವಿಗೂ ಅಂಗನವಾಡಿಯಲ್ಲಿ ತಿಂಡಿ, ಬಿಸಿಯೂಟ, ಮೊಟ್ಟೆ ಸಿಗುತ್ತವೆ. 2013ರ ಆಗಸ್ಟ್ 1ರಂದು ‘ಕ್ಷೀರಭಾಗ್ಯ’ ಆರಂಭವಾದ ಮೇಲೆ ಹಾಲು ಕೂಡ. ನಡುವೆ ಉಳಿದದ್ದು ಆರು ತಿಂಗಳಿಂದ ಮೂರು ವರ್ಷದ ಕೂಸು. ಅದಕ್ಕೆ ಕೊಡುವುದು ಮನೆಗೊಯ್ಯುವ ‘ಪುಷ್ಟಿ’ ಪುಡಿಯ ಪೊಟ್ಟಣ. ತಾಯಿಯ ವಿಷಯದಲ್ಲಿ ಮನೆಗೊಯ್ಯುವ ದಿನಸಿಯ ಸೋಲನ್ನು ಒಪ್ಪಿಕೊಂಡ ವ್ಯವಸ್ಥೆ, ಅವಳಿಗಿಂತ ದುರ್ಬಲವಾದ ಜೀವಕ್ಕೆ ಇನ್ನೂ ಪೊಟ್ಟಣವನ್ನೇ ನೆಚ್ಚಿಕೊಂಡಿದೆ. ಆ ಪುಡಿ ಉಂಡೆಯಾಗಿ ಅಣ್ಣ–ಅಕ್ಕಂದಿರ ಪಾಲಾಗಬಹುದು. ಗಂಜಿಯಾಗಿ ಕೂಸಿನ ಬಾಯಿಗೆ ಹೋದರೂ ಎಷ್ಟು ನೀರಿಗೆ ಎಷ್ಟು ಪುಡಿ, ದಿನಕ್ಕೆ ಎಷ್ಟು ಸಲ ಎಂಬುದನ್ನು ಪೊಟ್ಟಣ ಹೇಳಿಕೊಡುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರಿಸುವುದು, ಈ ಕೂಸಿನ ಇಕ್ಕಟ್ಟಿಗೆ ಉತ್ತರ ನಮ್ಮಲ್ಲೇ ಇತ್ತೆಂಬುದು. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ, ಶೇಂಗಾ ಮತ್ತು ಕಡಲೆ ಹಿಟ್ಟಿನ ಬಹೂಪಯೋಗಿ ಆಹಾರದಿಂದ ಹಿಡಿದು ಬಡಮಕ್ಕಳಿಗಾಗಿ ಹಲವು ಬಗೆಯ ಆಹಾರ ರೂಪಿಸಿದ ಸಂಸ್ಥೆ. ಅಲ್ಲಿನ ವಿಜ್ಞಾನಿಗಳಾದ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲಿ ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಕಾಳು ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಬಿಸಿ ಗಂಜಿಯಲ್ಲಿ ಅದು ಪಿಷ್ಟದ ಸರಪಳಿಗಳನ್ನು ಕತ್ತರಿಸಿ ಹಾಕುತ್ತದೆ. ಗಂಜಿ ಬಿರುಸಾಗದೆ ತೆಳ್ಳಗಾಗುತ್ತದೆ. ಆಗ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಬಹುದು, ಕೂಸು ಸಲೀಸಾಗಿ ನುಂಗುತ್ತದೆ. ಚಮಚದಲ್ಲಿ ನೀರು ಕಡಿಮೆ, ಸತ್ವ ಹೆಚ್ಚು. ರಾಗಿಯಲ್ಲಿ ಕಡಿಮೆಯಿರುವ ಲೈಸೀನನ್ನು ಹೆಸರುಕಾಳು ತುಂಬುತ್ತದೆ. ರಾಗಿಯ ಸುಣ್ಣಾಂಶವಂತೂ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಮೊಳಕೆ ಬಂದಾಗ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡದ ಫೈಟೇಟ್ ಕೂಡ ತಗ್ಗುತ್ತದೆ. ಬರೋಡಾದಲ್ಲಿ ತಾರಾ ಗೋಪಾಲದಾಸ್ ಮತ್ತು ಸಂಗಡಿಗರು, ಗಟ್ಟಿ ಗಂಜಿಗೆ ಒಂದಿಷ್ಟು ಮೊಳಕೆ ಹಿಟ್ಟು ಬೆರೆಸಿದರೆ ಸಾಕು, ನಿಮಿಷಗಳಲ್ಲಿ ಅದು ತಿಳಿಯಾಗುತ್ತದೆ ಎಂದು ತೋರಿಸಿದರು.

ಹಳೆ ಮೈಸೂರು ಸೀಮೆಯ ಅಜ್ಜಿಯಂದಿರು ಇದನ್ನು ಕಿಣ್ವದ ಹೆಸರು ಗೊತ್ತಿಲ್ಲದೆಯೇ ಮಾಡುತ್ತಿದ್ದರು. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಮೂಡಿದ ಮೇಲೆ ನೆರಳಲ್ಲಿ ಒಣಗಿಸಿ, ಉಜ್ಜಿ ಬೇರು ಉದುರಿಸಿ, ಹದವಾಗಿ ಬೆಚ್ಚಗೆ ಮಾಡಿ ಬೀಸಿ, ತೆಳು ಪಂಚೆಯಲ್ಲಿ ಸೋಸಿದರೆ ಕೂಸಿನ ಸರಿಗೆ ಹಿಟ್ಟು ಸಿದ್ಧ. ಕೆಂಪಗೆ ಹುರಿದರೆ ಘಮ ಹೆಚ್ಚುತ್ತದೆ, ಆದರೆ ಕಿಣ್ವ ಸಾಯುತ್ತದೆ. ಕಾರ್ಖಾನೆಯಲ್ಲಿ ಜೋರು ಶಾಖಕ್ಕೆ ಸಿಕ್ಕ ಪುಡಿಯ ಗತಿಯೂ ಅದೇ. ಪೊಟ್ಟಣದಲ್ಲಿ ಎಷ್ಟು ಕ್ಯಾಲರಿಯಿದೆ ಎಂದು ತಪಾಸಣೆ ಮಾಡುವವರು, ಗಂಜಿಯಾದಾಗ ಅದು ಚಮಚದಿಂದ ಹೇಗೆ ಇಳಿಯುತ್ತದೆ ಎಂದೂ ನೋಡಬೇಕು.

ಪುಡಿ ಯಾರು ಮಾಡಬೇಕೆಂಬ ಪ್ರಶ್ನೆಯೂ ಹಳೆಯದು. ಗುತ್ತಿಗೆದಾರರು ಬೇಡವೆಂದು ಕೋರ್ಟ್ ಹೇಳಿದ ಮೇಲೆ ರಾಜ್ಯದಲ್ಲಿ ಮಹಿಳೆಯರೇ ನಡೆಸುವ ಪೂರಕ ಪೌಷ್ಟಿಕ ಆಹಾರ ತಯಾರಿಕಾ ಕೇಂದ್ರಗಳು ಬಂದವು. ಹೆಣ್ಣುಮಕ್ಕಳ ಹೆಸರು ಮುಂದಿಟ್ಟು ಹಿಂದಿನಿಂದ ವ್ಯವಹಾರ ನಡೆಸಿದವರು ಬೇರೆಯೇ ಎಂಬ ಗಂಭೀರ ಆರೋಪ 2012ರ ಸುಮಾರಿಗೆ ಎದ್ದಿತು. ಅದೇ ಕಾಲದಲ್ಲಿ ರಾಯಚೂರು ಜಿಲ್ಲೆಯ ಮಕ್ಕಳ ಸಾವಿನ ಸುದ್ದಿ ರಾಜ್ಯವನ್ನು ಕಲಕಿತ್ತು. ಹೈಕೋರ್ಟ್ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದಲ್ಲಿ ಅಪೌಷ್ಟಿಕತೆಯ ಬಗ್ಗೆ ಸಮಿತಿ ರಚನೆಯಾಯಿತು. ಅಷ್ಟಕ್ಕೂ ಮೊಳಕೆ ಕಟ್ಟಿ ಹಿಟ್ಟು ಮಾಡುವ ಕೆಲಸಕ್ಕೆ ಕೋಟಿಗಟ್ಟಲೆ ಬಂಡವಾಳ ಬೇಕಿಲ್ಲ. ಬೆಂಬಲ ಬೆಲೆಗೆ ಸರ್ಕಾರವೇ ರಾಗಿ ಕೊಳ್ಳುವ ತಾಲ್ಲೂಕುಗಳಲ್ಲಿ ಅಲ್ಲಿನ ಸಂಘಗಳೇ ಅದನ್ನು ಮಾಡಬಲ್ಲವು.

ಉಣಿಸುವ ಕೈ

ಪುಡಿ ಚೆನ್ನಾಗಿದ್ದರೂ ಉಣಿಸಲು ಕೈ ಬೇಕು, ಪುರುಸೊತ್ತು ಬೇಕು. ಅಂಗನವಾಡಿ ಟೀಚರ್ ಮನೆಮನೆಗೆ ಹೋಗಿ, ಒಲೆಯ ಮುಂದೆ ಕುಳಿತು, ‘ಇಷ್ಟು ಗಟ್ಟಿ ಮಾಡಮ್ಮ, ಒಂದು ಚಮಚ ತುಪ್ಪ ಹಾಕು, ಸಂಜೆ ಇನ್ನೊಂದು ಸಲ ಕೊಡು’ ಎಂದು ಹೇಳಿಕೊಡುವುದೇ ಈ ಯೋಜನೆಯ ಜೀವ. ಅವಳ ದಿನ ಹೋಗುತ್ತಿರುವುದು ಬೇರೆ ಕಡೆ. 2021ರಿಂದ ಎಲ್ಲವನ್ನೂ ‘ಪೋಷಣ್ ಟ್ರ್ಯಾಕರ್’ ಆ್ಯಪ್‌ನಲ್ಲಿ ತುಂಬಬೇಕು. ಮನೆಗೊಯ್ಯುವ ಆಹಾರ ಪಡೆಯಲು 2025ರ ಜುಲೈ 1ರಿಂದ ಮುಖ ಗುರುತಿಸುವ ವ್ಯವಸ್ಥೆ ಕಡ್ಡಾಯವಾಗಿದೆ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಕೂಸಿನ ಪೊಟ್ಟಣ ಸಿಗ್ನಲ್‌ಗೆ ಕಾಯಬೇಕು. ಕಳವು ತಡೆಯಬೇಕೆಂಬುದು ಸರಿ, ಆದರೆ ಕಾನೂನು ಕೊಟ್ಟ ಊಟವನ್ನು ಮೊಬೈಲ್ ಕ್ಯಾಮೆರಾ ತಡೆಹಿಡಿಯುವಂತಾಗಬಾರದು.

2024ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ಅಂಗನವಾಡಿಯೊಂದರಲ್ಲಿ ಮಕ್ಕಳ ತಟ್ಟೆಗೆ ಮೊಟ್ಟೆ ಇಟ್ಟು, ವಿಡಿಯೊ ಮಾಡಿ, ಮತ್ತೆ ಎತ್ತಿಕೊಂಡ ದೃಶ್ಯ ಹೊರಬಿತ್ತು, ಸಿಬ್ಬಂದಿಯ ಅಮಾನತಾಯಿತು. ಅದನ್ನು ನೋಡಿ ಸಿಟ್ಟು ಬಾರದವರಿಲ್ಲ. ಆದರೆ ಉಣಿಸಿದ್ದಕ್ಕಿಂತ ಉಣಿಸಿದ ಚಿತ್ರಕ್ಕೆ ಬೆಲೆ ಕೊಡುವ ತಪಾಸಣೆಯ ಕ್ರಮವನ್ನು ಯಾರೂ ಅಮಾನತು ಮಾಡಲಿಲ್ಲ. ಸಾವಿರಾರು ಕೇಂದ್ರಗಳಲ್ಲಿ ಮೊಟ್ಟೆಗೆ ನಿಗದಿಯಾದ ದರ ಸಾಲದೆ ಕೈಯಿಂದ ದುಡ್ಡು ಹಾಕಿ ತರುವ ಹೆಂಗಸರಿದ್ದಾರೆ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಗ್ರಾಚ್ಯುಟಿಗೆ ಅವರೂ ಅರ್ಹರೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಬೇಕಾಯಿತು.

ಇದೆಲ್ಲದರ ನಡುವೆ ಭರವಸೆ ಹುಟ್ಟಿಸಿದ್ದು 2023ರಲ್ಲಿ ರಾಜ್ಯ ಘೋಷಿಸಿದ ‘ಕೂಸಿನ ಮನೆ’. ನರೇಗಾ ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳನ್ನು ನೋಡಿಕೊಳ್ಳಲು 4,000 ಗ್ರಾಮ ಪಂಚಾಯಿತಿಗಳಲ್ಲಿ ಕೇಂದ್ರ ತೆರೆಯುವ ಯೋಜನೆ ಅದು. ಎಂಟು ತಿಂಗಳ ಕೂಸಿಗೆ ಹಗಲು ಹೊತ್ತಿನಲ್ಲಿ ಎರಡು ಮೂರು ಸಲ ತಾಜಾ ಸರಿ ಕಾಯಿಸಿ ಉಣಿಸಬಲ್ಲ ಜಾಗವೆಂದರೆ ಇದೇ. ತಾಯಿಗೆ ಮಾತೃಪೂರ್ಣ ಕೊಟ್ಟ ತಟ್ಟೆಯನ್ನು ಕೂಸಿಗೆ ಕೊಡಬೇಕಾದದ್ದೂ ಇಲ್ಲಿಯೇ. ಅದಕ್ಕೆ ಬೇಕಾದ್ದು ಆರೈಕೆ ಮಾಡುವವರಿಗೆ ತಪ್ಪದೆ ತಿಂಗಳ ಹಣ, ತಾಯಿ ಕೆಲಸದ ನಡುವೆ ಬಂದು ಹಾಲೂಡಿಸಿ ಹೋಗುವಷ್ಟು ಹತ್ತಿರದ ಕಟ್ಟಡ, ಒಲೆ, ಕುಡಿಯುವ ನೀರು, ಮೊಳಕೆ ರಾಗಿಯ ಹಿಟ್ಟು, ದಿನಕ್ಕೊಂದು ಮೊಟ್ಟೆ. ಉದ್ಯೋಗ ಖಾತ್ರಿ ಕೆಲಸ ನಿಂತ ತಿಂಗಳುಗಳಲ್ಲೂ ಬಾಗಿಲು ತೆರೆದಿರಬೇಕು. ಏಕೆಂದರೆ ಆ ತಿಂಗಳುಗಳಲ್ಲಿ ತಾಯಿ ಹೋಗುವುದು ಬೇರೆಯವರ ಹೊಲಕ್ಕೆ, ಕೂಸು ಉಳಿಯುವುದು ಆರೇಳು ವರ್ಷದ ಅಕ್ಕನ ಸೊಂಟದ ಮೇಲೆ.